ಬಳೆಗಾರ್ತಿ ಅಮೀನಬಿಯ ನಾಮಪತ್ರ

ತನಗೂ ಪಂಚಾಯಿತಿ ಮೆಂಬರಾಗುವ ಆಸೆಯಿದೆ ಎಂಬುದು ಅಮೀನಬಿಗೆ ಗೊತ್ತಾದದ್ದು ಹನಮಂತವ್ವನ ಪಡಸಾಲೆಯಲ್ಲಿ. ಅದೂ ಆ ಸೀಟು ಇನ್ನೊಬ್ಬಳ ಪಾಲಾಯಿತೆಂಬ ಸುದ್ದಿ ಕಿವಿಗೆ ಬಿದ್ದ ಮೇಲೆ.

ಗದಗ ಹೊಸ ಜಿಲ್ಲೆಯಾಗಿ ಮೂರನೆಯ ವರ್ಷ. ಮುಂಡರಗಿ ತಾಲೂಕಿನ ಯರೇಹಾಳದ ಹೊಲಗಳಲ್ಲಿ ಬಿಳಿಜೋಳ ತೆನೆಗಟ್ಟಿತ್ತು. ಹನಮಂತವ್ವನ ಮಗಳಿಗೆ ಗಂಡು ಗೊತ್ತಾಗಿದ್ದರಿಂದ ಮನೆಯ ಹೆಂಗಸರೆಲ್ಲ ಹಸಿರು ಬಳೆ ಇಡಿಸಿಕೊಳ್ಳುತ್ತಿದ್ದರು. ಅಮೀನಬಿ ಬಳೆಯ ಮಲಾರವನ್ನು ಪಕ್ಕಕ್ಕೆ ಬಿಚ್ಚಿ ಹರಡಿಕೊಂಡು, ಹನಮಂತವ್ವನ ಎಡಗೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು, ಹೆಬ್ಬೆರಳ ಬುಡವನ್ನು ಮೆತ್ತಗೆ ಒತ್ತಿ ಒಂದೊಂದೇ ಬಳೆ ಏರಿಸುತ್ತಿದ್ದಳು.

"ಕಡೀಕೂ ಪಂಚಾಯ್ತಿ ನಿಮ್ಮ ಮನಿಗೆ ಬಂತು ನೋಡವಾ," ಎಂದಳು ಹನಮಂತವ್ವ. "ಈ ಸಲ ನಮ್ಮ ವಾರ್ಡಿನ್ಯಾಗ ಒಂದು ಹೆಣ್ಮಕ್ಕಳ ಸೀಟು ಐತಂತ. ನಿನ್ನೆ ಅಂದಪ್ಪನವರ ಕಟ್ಟಿ ಮ್ಯಾಲ ಹಿರ್ಯಾರೆಲ್ಲ ಕುಂತು ಮಾತಾಡಿ ನಿಮ್ಮ ಮನಿಗೇ ಅಂತ ಮಾಡ್ಯಾರ."

ಅಮೀನಬಿಯ ಎದೆ ಒಂದು ಸಲ ಜಿಗಿಯಿತು. ಇಪ್ಪತ್ತೆರಡು ವರ್ಷದಿಂದ ಈ ಊರಿನ ಮನೆಮನೆಗೂ ಹೊಕ್ಕವಳು ಅವಳು. ಯಾರ ಬಾಣಂತನ, ಯಾರ ಮುನಿಸು, ಯಾರ ಮನೆಯ ಸೊಸೆ ತವರಿಗೆ ಹೋಗಿ ಎಷ್ಟು ದಿನವಾಯಿತು, ಎಲ್ಲವೂ ಅವಳ ಬಾಯ ತುದಿಯಲ್ಲಿದ್ದವು.

"ಯಾರ ಹೆಸರ ಹೇಳ್ಯಾರ?" ಎಂದಳು, ತಲೆ ಎತ್ತದೆ.

"ಮತ್ಯಾರವಾ, ನಿಮ್ಮ ಸಾಬೀರಾ. ಕಲತಾಕಿ, ಕಾಗದ ಪತ್ರ ಓದ್ತಾಳ..."

ಏರುತ್ತಿದ್ದ ಬಳೆ ಪಟ್ಟೆಂದು ಎರಡು ಹೋಳಾಯಿತು. ಹನಮಂತವ್ವನ ಮಣಿಕಟ್ಟಿನ ಮೇಲೆ ಸಣ್ಣಗೆ ರಕ್ತ ಒಸರಿತು. ಅಮೀನಬಿ ಸೆರಗಿನ ತುದಿಯಿಂದ ಒತ್ತಿ ಹಿಡಿದಳು. ತಪ್ಪಾಯಿತೆನ್ನಲಿಲ್ಲ.

ಸಾಬೀರಾ ಅವಳ ನೆಗೆಣ್ಣಿ, ಗಂಡ ಫಕ್ರುಸಾಬನ ತಮ್ಮ ಅಯ್ಯೂಬನ ಹೆಂಡತಿ. ಎರಡು ಸಂಸಾರಗಳಿಗೆ ಒಂದೇ ಅಂಗಳ, ಎರಡು ಒಲೆ.

ಅಮೀನಬಿ ಹುಟ್ಟಿದ್ದು ಅಸುಂಡಿಯಲ್ಲಿ. ಐದು ಹೆಣ್ಣುಮಕ್ಕಳಲ್ಲಿ ನಾಲ್ಕನೆಯವಳು. ಶಾಲೆಯ ಗಂಟೆ ಕೇಳುವಷ್ಟು ಹತ್ತಿರ ಮನೆಯಿದ್ದರೂ ಒಳಗೆ ಹೋಗಿ ಕೂತವಳಲ್ಲ; ಅಪ್ಪನ ಹಿಂದೆ ಬಳೆಯ ಗಂಟು ಹೊತ್ತು ತಿರುಗಿದವಳು. ಹದಿನಾರಕ್ಕೆ ಯರೇಹಾಳದ ಬಳೆಗಾರರ ಮನೆಗೆ ಸೊಸೆಯಾಗಿ ಬಂದಳು. ಗಂಡ ಸಂತೆಗಳನ್ನು ನೋಡಿಕೊಂಡ, ಇವಳು ಊರು ನೋಡಿಕೊಂಡಳು. ಹದಿಮೂರು ವರ್ಷ ಆ ಮನೆಯಲ್ಲಿ ಅವಳ ಮಾತೇ ಮಾತಾಗಿತ್ತು. ಮಾವ ಅಕ್ಬರಸಾಬ ಹೊರಗಿಂದ ಬಂದರೆ ಮೊದಲು ಕರೆಯುತ್ತಿದ್ದದ್ದು ಅವಳ ಹೆಸರನ್ನೇ.

ಆಮೇಲೆ ಲಕ್ಷ್ಮೇಶ್ವರದಿಂದ ಸಾಬೀರಾ ಬಂದಳು. ಅರಿವೆ ಅಂಗಡಿಯವರ ಮಗಳು, ಎಸ್ಸೆಸ್ಸೆಲ್ಸಿ ಪಾಸು. ಜೊತೆಗೆ ಹೊಲಿಗೆ ಮಷೀನು ತಂದಳು. ಬಂದ ವರ್ಷವೇ ಮಾವನಿಗೆ ಪೇಪರು ಓದಿ ಹೇಳಲು ಶುರುವಿಟ್ಟಳು. ಮುದುಕ ತನ್ನ ಹಾಸಿಗೆಯನ್ನು ಆ ಕಡೆಯ ಪಡಸಾಲೆಗೆ ಎಳೆದುಕೊಂಡು ಹೋದ. ಅವಳು ಮಾಡಿದ ಚಹಾದ ರುಚಿಯೇ ಬೇರೆ ಎಂದು ಬಂದವರ ಮುಂದೆಲ್ಲ ಹೇಳಿದ. ಅದೇ ಚಹಾಪುಡಿ, ಅದೇ ಎಮ್ಮೆಯ ಹಾಲು, ಅದೇ ಬೆಲ್ಲ. ಅಮೀನಬಿ ಒಮ್ಮೆ ಯಾರೂ ಇಲ್ಲದಾಗ ಸಾಬೀರಾಳ ಪಾತ್ರೆಯಲ್ಲಿ ಉಳಿದ ಚಹಾ ಬಸಿದು ಕುಡಿದು ನೋಡಿದ್ದಳು. ಬೇರೆ ಏನೂ ಇರಲಿಲ್ಲ. ಅದು ಇನ್ನಷ್ಟು ಉರಿಸಿತು.

ಎಲ್ಲಕ್ಕಿಂತ ದೊಡ್ಡ ಗಾಯ ಮಗಳು ಜಾಸ್ಮಿನಳದು. ಐದನೆಯ ತರಗತಿಯ ಆ ಹುಡುಗಿ ಶಾಲೆಯಿಂದ ಬಂದವಳೇ ಪಾಟಿಚೀಲದ ಸಮೇತ ಸಾಬೀರಾಳ ಮಗ್ಗುಲಿಗೆ ಹೋಗಿ ಕೂರುತ್ತಿದ್ದಳು. ಲೆಕ್ಕ, ಇಂಗ್ಲಿಷು, ನಕಾಶೆ. ಇಬ್ಬರೂ ತಲೆ ಹತ್ತಿರ ತಂದುಕೊಂಡು ಪುಸ್ತಕದೊಳಗೆ ಏನೋ ನೋಡಿ ನಗುವಾಗ ಅಮೀನಬಿ ಅಂಗಳದ ಈ ತುದಿಯಲ್ಲಿ ರೊಟ್ಟಿ ಬಡಿಯುತ್ತಿರುತ್ತಿದ್ದಳು. ಅವತ್ತಿನ ರೊಟ್ಟಿಗಳು ತೆಳ್ಳಗಾಗಿ ಹರಿಯುತ್ತಿದ್ದವು.

ಸಾಬೀರಾ ಕೆಟ್ಟವಳಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಅವಳು ಕೆಟ್ಟವಳಲ್ಲ. ಸಾಕ್ಷರತಾ ಆಂದೋಲನ ಬಂದ ಕಾಲದಲ್ಲಿ, ಊರಿನ್ನೂ ಧಾರವಾಡ ಜಿಲ್ಲೆಯಲ್ಲಿದ್ದಾಗ, ಓಣಿಯ ಹೆಂಗಸರನ್ನೆಲ್ಲ ಕೂರಿಸಿಕೊಂಡು ಅಕ್ಷರ ತಿದ್ದಿಸಿದವಳು. ಅಮೀನಬಿಗೂ ಹೆಸರು ಬರೆಯಲು ಕಲಿಸಿದ್ದು ಅವಳೇ. ಕೈ ಹಿಡಿದು ಕಲಿಸಿದ್ದಳು. ತನಗಿಂತ ಹನ್ನೆರಡು ವರ್ಷ ಚಿಕ್ಕವಳ ಕೈಯೊಳಗೆ ತನ್ನ ಕೈಯಿದ್ದದ್ದನ್ನು ಅಮೀನಬಿ ಮರೆತಿರಲಿಲ್ಲ, ಕ್ಷಮಿಸಿಯೂ ಇರಲಿಲ್ಲ.

ಯರೇಹಾಳದಲ್ಲಿ ಪಂಚಾಯಿತಿಗೆ ಚುನಾವಣೆ ನಡೆದದ್ದೇ ಇಲ್ಲ. ಅದು ಆ ಊರಿನ ದೊಡ್ಡಸ್ತಿಕೆ. ಪ್ರತಿ ಸಲ ಅಂದಪ್ಪನ ಮನೆಯ ಕಟ್ಟೆಯ ಮೇಲೆ ಏಳೆಂಟು ಜನ ಹಿರಿಯರು ಕೂತು ಹೆಸರು ಹೇಳುತ್ತಿದ್ದರು, ಅಷ್ಟೇ ಜನ ನಾಮಪತ್ರ ಹಾಕುತ್ತಿದ್ದರು, ಅವಿರೋಧ ಆಯ್ಕೆಯಾಗುತ್ತಿತ್ತು. ಅಂದಪ್ಪನ ಹೆಸರಂತೂ ಪ್ರತಿ ಸಲ ಇರುತ್ತಿತ್ತು. 'ಎಲೆಕ್ಷನ್ ಅಂದ್ರ ಮನಿ ಒಡಿಯೂ ಕೆಲಸ, ನಮ್ಮೂರು ಒಂದೈತಿ' ಎಂದು ಅವನು ಮುಂಡರಗಿಯ ಅಧಿಕಾರಿಗಳ ಮುಂದೆ ಎದೆಯುಬ್ಬಿಸಿ ಹೇಳುತ್ತಿದ್ದ. ಎಂಎಲ್ಎ, ಎಂಪಿಗೆ ಓಟು ಹಾಕಿ ಗೊತ್ತಿದ್ದ ಯರೇಹಾಳದ ಹೆಂಗಸರಿಗೆ ತಮ್ಮ ಓಣಿಯ ಮೆಂಬರ್ ಯಾರೆಂಬುದು, ಅವನು ಮೆಂಬರಾದ ಮೇಲೆ ಯಾರಾದರೂ ಹೇಳಿದರೆ ತಿಳಿಯುತ್ತಿತ್ತು.

ಹನಮಂತವ್ವನ ಮನೆಯಿಂದ ಅಮೀನಬಿ ಸೀದಾ ಮನೆಗೆ ಹೋಗಲಿಲ್ಲ. ಊರ ಮುಂದಿನ ಬೇವಿನ ಮರದ ಕೆಳಗೆ ಗಂಟು ಇಳಿಸಿ ಕೂತಳು. ಮನೆಯಲ್ಲಿ ಈಗ ಏನು ನಡೆದಿರಬಹುದೆಂದು ಕಣ್ಣಿಗೆ ಕಟ್ಟುತ್ತಿತ್ತು. ಮಾವ ಗಡ್ಡ ನೀವಿಕೊಂಡು ನಗುತ್ತಿರುತ್ತಾನೆ. ಅಯ್ಯೂಬ ಪೇಢಾ ತಂದಿರುತ್ತಾನೆ. ಜಾಸ್ಮಿನ ಚಿಕ್ಕಮ್ಮನ ಕೊರಳಿಗೆ ಜೋತು ಬಿದ್ದಿರುತ್ತಾಳೆ. ಇನ್ನು ಸಾಬೀರಾ ಮುಂಡರಗಿಗೆ ಮೀಟಿಂಗಿಗೆ ಹೋಗುತ್ತಾಳೆ, ಕುರ್ಚಿಯ ಮೇಲೆ ಕೂರುತ್ತಾಳೆ. ತಾನು ಯಾರ ಮನೆಗೆ ಹೋದರೂ 'ಮೆಂಬರ್ ಬಾಯಿ ನೆಗೆಣ್ಣಿ ಬಂದಳು' ಎನ್ನುತ್ತಾರೆ.

ಆ ಕೊನೆಯ ಮಾತು ಹೊಳೆದದ್ದೇ ತಡ, ಅವಳು ಗಂಟು ಎತ್ತಿಕೊಂಡು ಮತ್ತೆ ಹನಮಂತವ್ವನ ಮನೆಗೆ ಬಂದಳು.

"ಹನಮಕ್ಕಾ, ನಾ ಫಾರ್ಮ್ ತುಂಬತೀನಿ. ಒಬ್ಬರು ಸೂಚಕರು ಬೇಕಂತ. ನೀ ಸೈ ಮಾಡ್ತಿಯೇನು?"

ಹನಮಂತವ್ವ ಬಾಯಿ ಬಿಟ್ಟುಕೊಂಡು ನೋಡಿದಳು. "ಹಿರ್ಯಾರು ಮಾತಾಡಿ ಮುಗಿಸ್ಯಾರಲ್ಲ?"

"ನಿನ್ನ ಕೇಳ್ಯಾರೇನು?"

"ನನ್ನ ಯಾಕ ಕೇಳ್ತಾರವಾ?"

"ನನ್ನೂ ಕೇಳಿಲ್ಲ. ನಾವು ಈ ವಾರ್ಡಿನವರು ಹೌದೋ ಅಲ್ಲೋ?"

ಅಮೀನಬಿ ಇದನ್ನು ಯೋಚಿಸಿ ಹೇಳಿದ್ದಲ್ಲ. ಒಳಗಿನ ಉರಿಯನ್ನು ಮುಚ್ಚಿಡಲು ಏನಾದರೊಂದು ಬೇಕಿತ್ತು, ಬಾಯಿಗೆ ಬಂತು. ಆದರೆ ಹನಮಂತವ್ವ ಗಾಯದ ಮಣಿಕಟ್ಟನ್ನು ಸವರಿಕೊಂಡಳು. ಆಮೇಲೆ, "ಖರೆ ಐತಿ ನೀ ಅನ್ನೂದು," ಎಂದಳು.

ಮರುದಿನ ಇಬ್ಬರೂ ಪಂಚಾಯಿತಿ ಕಚೇರಿಗೆ ಹೋದರು. ಗದಗಿನಿಂದ ಬಂದಿದ್ದ ಚುನಾವಣಾಧಿಕಾರಿ ಕನ್ನಡಕದ ಮೇಲಿಂದ ನೋಡಿ, "ಏನವಾ, ನಿಮ್ಮೂರಾಗ ಎರಡನೇ ಫಾರ್ಮ್ ಬರೂದಿಲ್ಲ ಅಂತ ಹೇಳಿದ್ರಲ್ಲ?" ಎಂದ. ಗುಮಾಸ್ತ ಕೇಳಿ ಕೇಳಿ ತುಂಬಿದ. ಅಮೀನಬಿ ಸೈ ಮಾಡಿದಳು. ನಾಲ್ಕು ಅಕ್ಷರ ಬರೆಯಲು ಇಡೀ ಕಚೇರಿ ಕಾದು ನಿಂತಂತಾಯಿತು. ಸಾಬೀರಾ ಕಲಿಸಿದ ಅಕ್ಷರಗಳಿಂದಲೇ ಸಾಬೀರಾಳ ವಿರುದ್ಧ ಸೈ ಮಾಡುತ್ತಿದ್ದೇನೆ ಎಂಬುದು ಅರ್ಧ ಬರೆದಾಗ ನೆನಪಾಯಿತು. ಪೆನ್ನು ಒತ್ತಿ ಉಳಿದದ್ದನ್ನು ಮುಗಿಸಿದಳು.

ಸುದ್ದಿ ಅವಳಿಗಿಂತ ಮೊದಲೇ ಮನೆ ಸೇರಿತ್ತು. ನಾಮಪತ್ರ ಹಿಂದಕ್ಕೆ ಪಡೆಯಲು ಇನ್ನೂ ಮೂರು ದಿನವಿತ್ತು. ಆ ಮೂರು ದಿನ ಅಂಗಳದಲ್ಲಿ ಜನ ತಪ್ಪಲಿಲ್ಲ. ಎರಡನೆಯ ದಿನ ಅಂದಪ್ಪನೇ ಬಂದ. ಅವನು ಬಳೆಗಾರರ ಅಂಗಳಕ್ಕೆ ಕಾಲಿಟ್ಟದ್ದು ಅದೇ ಮೊದಲು. ಅಕ್ಬರಸಾಬ ತನ್ನ ಹಾಸಿಗೆ ಬಿಟ್ಟುಕೊಟ್ಟು ಕೆಳಗೆ ಕೂತ.

"ತಂಗೀ, ಊರಿನ ಮಾನ ಐತಿ," ಎಂದ ಅಂದಪ್ಪ. "ಒಂದs ಮನ್ಯಾಗಿನ ಇಬ್ಬರು ಹೆಣ್ಮಕ್ಕಳು ಎಲೆಕ್ಷನ್ನಿಗೆ ನಿಂತ್ರ ಮಂದಿ ನಗತಾರ. ಮುಂದಿನ ಸಲ ನಿನಗs ಕೊಡ್ತೀವಿ. ನಾ ಮಾತು ಕೊಡ್ತೀನಿ."

"ನೀವು ಕೊಡೂದು ಹೆಂಗ್ರಿ?" ಎಂದಳು ಅಮೀನಬಿ, ಕಂಬದ ಹಿಂದೆ ನಿಂತು. "ಅದು ನಿಮ್ಮ ಹೊಲದಾಗ ಬೆಳದೈತೇನ್ರಿ?"

ಅಂದಪ್ಪನ ಮುಖ ಕಪ್ಪಿಟ್ಟಿತು. ಅಕ್ಬರಸಾಬ, "ಅಮೀನಾ!" ಎಂದು ಗದರಿದ. ಎಷ್ಟೋ ವರ್ಷಗಳ ಮೇಲೆ ಮಾವ ತನ್ನ ಹೆಸರನ್ನು ಗಟ್ಟಿಯಾಗಿ ಕರೆದಿದ್ದಾನೆ ಎಂಬುದು ಅಮೀನಬಿಯ ಮನಸ್ಸಿಗೆ ಬಂತು, ಅದರಿಂದ ಒಂದು ಬಗೆಯ ಸಮಾಧಾನವೂ ಆಯಿತು.

ಗಂಡನ ಕಡೆ ಎಲ್ಲರೂ ನೋಡಿದರು. ಫಕ್ರುಸಾಬ ಮೂಗಿನಲ್ಲಿ ಉಸಿರೆಳೆದು, "ಆಕಿ ಫಾರ್ಮ್ ಆಕಿ ತುಂಬ್ಯಾಳ. ನನ್ನ ಕೇಳಿ ತುಂಬಿಲ್ಲ. ಈಗ ನಾ ಹೇಳಿದ್ರ ಕೇಳ್ತಾಳ ಅಂತ ನನಗ ಅನಸೂದಿಲ್ಲ," ಎಂದಷ್ಟೇ ಹೇಳಿ ಸಂತೆಗೆ ಎದ್ದುಹೋದ.

ಕೊನೆಯ ದಿನ ಬೆಳಿಗ್ಗೆ ಸಾಬೀರಾಳೇ ಈ ಕಡೆಯ ಒಲೆಯ ಹತ್ತಿರ ಬಂದು ಕೂತಳು. ಕಣ್ಣು ಊದಿಕೊಂಡಿದ್ದವು.

"ಭಾಬಿ, ನಾನs ಹಿಂದಕ್ಕ ತಗೋತೀನಿ. ನೀವs ಆಗ್ರಿ. ನನಗೇನು ಆಸೆ ಇದ್ದಿಲ್ಲ, ಅವರು ಹೇಳಿದ್ರಂತ ಹೂಂ ಅಂದೆ."

ಅಮೀನಬಿ ಊದುಗೊಳವೆ ಕೆಳಗಿಟ್ಟಳು. ಮೂರು ದಿನದಿಂದ ಅವಳು ಕಾಯುತ್ತಿದ್ದದ್ದು ಇದನ್ನೇ ಅಲ್ಲವೆ? ಸಾಬೀರಾ ಸೋಲೊಪ್ಪಬೇಕು, ಸೀಟು ತನ್ನ ಕೈಗೆ ಬರಬೇಕು. ಬಂದೇ ಬಿಟ್ಟಿದೆ. ಆದರೆ ಅದು ಬಂದದ್ದು ಹಳೆಯ ಸೀರೆಯೊಂದನ್ನು 'ನೀವೇ ಉಟ್ಟುಕೊಳ್ಳಿ' ಎಂದು ಕೊಟ್ಟ ಹಾಗೆ. ಊರೆಲ್ಲ ಏನೆಂದೀತು? ಸಾಬೀರಾ ದೊಡ್ಡ ಮನಸ್ಸಿನಾಕೆ, ಬಿಟ್ಟುಕೊಟ್ಟಳು. ಐದು ವರ್ಷ ಪೂರ್ತಿ ಅದನ್ನೇ ಅಂದೀತು.

"ನೀ ಕೊಟ್ಟದ್ದು ನನಗ ಬ್ಯಾಡ," ಎಂದಳು. "ಅಂದಪ್ಪ ಕೊಟ್ಟದ್ದೂ ಬ್ಯಾಡ. ಮಂದಿ ಯಾರಿಗೆ ಕೊಡ್ತಾರ ನೋಡೂಣು. ನೀನೂ ನಿಂದ್ರು."

"ನಾ ಆರಿಸಿ ಬಂದ್ರ?"

"ಬಾ."

"ನಿಮಗ ಸಿಟ್ಟು ಬರೂದಿಲ್ಲ?"

"ಬರತೈತಿ," ಎಂದಳು ಅಮೀನಬಿ. ಆ ಅಂಗಳದಲ್ಲಿ ಇಬ್ಬರ ನಡುವೆ ಒಂಬತ್ತು ವರ್ಷದಲ್ಲಿ ಆಡಿದ ಅತ್ಯಂತ ನಿಜವಾದ ಮಾತು ಅದು.

ಹೀಗೆ ಯರೇಹಾಳಕ್ಕೆ ಮೊದಲ ಸಲ ಚುನಾವಣೆ ಬಂತು. ವಾರ್ಡಿನ ಎರಡು ಸೀಟುಗಳಲ್ಲಿ ಒಂದಕ್ಕೆ ಎಂದಿನಂತೆ ಅಂದಪ್ಪ ಅವಿರೋಧ. ಹೆಂಗಸರ ಸೀಟಿಗೆ ಮಾತ್ರ ಓಟು. ಚಿಹ್ನೆ ಹಂಚಿದಾಗ ಅಮೀನಬಿಗೆ ಏಣಿ ಬಂತು, ಸಾಬೀರಾಳಿಗೆ ಹೊಲಿಗೆ ಯಂತ್ರ. ಅದನ್ನು ಕೇಳಿ ಅಮೀನಬಿಗೆ ಆ ದಿನವೆಲ್ಲ ಊಟ ಸೇರಲಿಲ್ಲ. ಚಿಹ್ನೆಗಳೂ ಸಾಬೀರಾಳ ಕಡೆಗೇ ಇದ್ದವು. ಮನೆಯಲ್ಲಿ ಇರುವ ಮಷೀನೇ ಬಂದು ಬ್ಯಾಲೆಟ್ ಪೇಪರಿನ ಮೇಲೆ ಕೂತಿತ್ತು. ತನ್ನ ಮನೆಯಲ್ಲಿ ಒಂದು ಏಣಿಯೂ ಇರಲಿಲ್ಲ.

ಪ್ರಚಾರವೆಂದರೆ ಅವಳಿಗೆ ಬೇರೆ ಕೆಲಸವೇನಲ್ಲ. ಬಳೆ ಇಡುತ್ತ ಓಟು ಕೇಳುತ್ತಿದ್ದಳು. ಆದರೆ ಇಷ್ಟು ವರ್ಷ ಹೆಂಗಸರು ಅವಳಿಗೆ ಸುದ್ದಿ ಹೇಳುತ್ತಿದ್ದರು. ಈಗ ತಿರುಗಿ ಪ್ರಶ್ನೆ ಕೇಳತೊಡಗಿದರು. 'ಆರಿಸಿ ಬಂದ್ರ ಏನ್ ಮಾಡ್ತಿ?' ಆರಿಸಿ ಬರುವುದೆಂದರೆ ಸಾಬೀರಾ ಬರದಿರುವುದು, ಅಷ್ಟೇ ಅವಳ ಲೆಕ್ಕದಲ್ಲಿದ್ದದ್ದು.

ಊರ ಹೊರಗಿನ ಕೇರಿಯಲ್ಲಿ ಸಿದ್ದಲಿಂಗವ್ವ ಎಂಬ ಮುದುಕಿ ಅವಳನ್ನು ಕೂರಿಸಿಕೊಂಡು ಒಂದು ತಂಬಿಗೆ ನೀರು ಕೊಟ್ಟಳು. ಗುಟುಕರಿಸಿದ ಅಮೀನಬಿ ಮುಖ ಕಿವುಚಿದಳು.

"ಉಪ್ಪು ಆತೇನು?" ಎಂದಳು ಮುದುಕಿ. "ಬೋರಿಂಗ್ ನೀರವಾ. ನಾವು ದಿನಾ ಕುಡಿಯೂದು ಇದನ್ನ. ನಿಮ್ಮ ಓಣಿಗೆ ನಳ ಬಂದು ಆರು ವರ್ಷಾತು. ಪೈಪ್ ಆ ಮೂಲಿಮಟ ಬಂದು ನಿಂತೈತಿ. ಯಾರನ್ನ ಕೇಳಬೇಕು? ಯಾರು ಮೆಂಬರು ಅಂತ ನಮಗ ಯಾರು ಹೇಳ್ಯಾರ? ಓಟು ಕೇಳಾಕಂತ ಈ ಕೇರ್ಯಾಗ ಕಾಲಿಟ್ಟಾಕಿ ನೀನs ಮೊದಲನೇದಾಕಿ."

ಇಪ್ಪತ್ತೆರಡು ವರ್ಷ ಆ ಕೇರಿಯ ಹೆಂಗಸರ ಕೈಗೆ ಬಳೆ ಇಟ್ಟವಳು ಅಮೀನಬಿ. ಆದರೆ ಅಲ್ಲಿ ಒಂದು ಗುಟುಕು ನೀರು ಕುಡಿದಿರಲಿಲ್ಲ. ಅವಳಿಗೆ ನಾಚಿಕೆಯಾಯಿತು. "ಪೈಪ್ ಇಲ್ಲಿಮಟ ತರತೀನಿ," ಎಂದು ಬಾಯಿಬಿಟ್ಟು ಹೇಳಿ ಎದ್ದಳು. ಅದು ಅವಳ ಬಾಯಿಂದ ಹೊರಟ ಮೊದಲ ಆಶ್ವಾಸನೆ.

ಮರುದಿನ ಅದೇ ಕೇರಿಯ ದಾರಿಯಲ್ಲಿ ಹೋಗುವಾಗ ಕಂಡದ್ದು, ಸಿದ್ದಲಿಂಗವ್ವನ ಅದೇ ಕಟ್ಟೆಯ ಮೇಲೆ ಸಾಬೀರಾ. ತಾನು ಕೂತ ಜಾಗದಲ್ಲೇ ಕೂತಿದ್ದಾಳೆ. ಪಕ್ಕದಲ್ಲಿ ಅದೇ ತಂಬಿಗೆ. ತೊಡೆಯ ಮೇಲೆ ಒಂದು ನೋಟುಬುಕ್ಕು. ಸುತ್ತ ಹೆಂಗಸರು, ಅವಳು ಒಬ್ಬೊಬ್ಬರ ಮಾತು ಕೇಳಿ ಬರೆದುಕೊಳ್ಳುತ್ತಿದ್ದಾಳೆ: ಎಷ್ಟು ಮನೆ, ಪೈಪು ಎಷ್ಟು ಮಾರು ದೂರ, ಅರ್ಜಿ ಯಾವಾಗ ಕೊಟ್ಟಿದ್ದರು. ಕೇರಿಯ ರೇಣುಕವ್ವ ಎಂಬ ಗಟ್ಟಿಗಿತ್ತಿ ನಿಂತು ಲೆಕ್ಕ ಹೇಳುತ್ತಿದ್ದಳು. ಅಮೀನಬಿಗೂ ಅದೆಲ್ಲ ನೆನಪಿತ್ತು, ಬರೆಯದೆಯೇ ನೆನಪಿತ್ತು. ಆದರೆ ಬರೆದುಕೊಳ್ಳುವವರ ಮುಂದೆ ಜನ ಹೇಗೆ ನೆಟ್ಟಗೆ ಕೂತು ಮಾತಾಡುತ್ತಾರೆ ಎಂಬುದನ್ನು ಕಂಡು ಅವಳ ಹೊಟ್ಟೆಯೊಳಗೆ ಕೆಂಡ ಹಾಕಿದಂತಾಯಿತು. ಅಂದಪ್ಪನ ಕಟ್ಟೆಯ ಮೇಲೆ ಹೆಸರು ಹೇಳಿಸಿಕೊಂಡೇ ಮೆಂಬರಾಗಿದ್ದರೆ ಈ ಲಕ್ಷ್ಮೇಶ್ವರದ ಹುಡುಗಿ ಈ ಕೇರಿಗೆ ಬರುತ್ತಲೇ ಇರಲಿಲ್ಲ, ಅವಳನ್ನು ಇಲ್ಲಿಗೆ ನಡೆಸಿಕೊಂಡು ಬಂದದ್ದು ತನ್ನ ನಾಮಪತ್ರ ಎಂಬ ಯೋಚನೆ ಅವತ್ತು ಅವಳಿಗೆ ಹೊಳೆಯಲಿಲ್ಲ. ನೋಟುಬುಕ್ಕಷ್ಟೇ ಕಂಡಿತು.

ಮತದಾನದ ದಿನ ಶಾಲೆಯ ಮುಂದೆ ಹೆಂಗಸರ ಸಾಲು ಗಂಡಸರ ಸಾಲಿಗಿಂತ ಉದ್ದವಾಗಿತ್ತು. ಹಬ್ಬಕ್ಕೆ ತೆಗೆದಿಟ್ಟ ಸೀರೆಗಳನ್ನು ಉಟ್ಟಿದ್ದರು. ಸಿದ್ದಲಿಂಗವ್ವನನ್ನು ಸೊಸೆಯಂದಿರು ಕೈ ಹಿಡಿದು ತಂದಿದ್ದರು. ಅಂದಪ್ಪ ಸಾಲಿನ ಪಕ್ಕ ಓಡಾಡಿ, ಮುಂದೆ ಹೋಗಲು ನೋಡಿದಾಗ ಪೊಲೀಸಿನವನು, "ಯಜಮಾನ್ರ, ಸಾಲಿನ್ಯಾಗ ಬರ್ರಿ," ಎಂದ. ಅಂದಪ್ಪ ಹೋಗಿ ಬಡಿಗೇರ ಮನೆಯವರ ಹಿಂದೆ ನಿಂತ. ಹೆಂಗಸರ ಸಾಲಿನಲ್ಲಿ ಒಂದು ಸಣ್ಣ ನಗು ಆ ತುದಿಯಿಂದ ಈ ತುದಿಗೆ ಹರಿಯಿತು.

ಅಮೀನಬಿ ಮರೆಯೊಳಗೆ ಹೋಗಿ ಕಾಗದ ಹರಡಿದಳು. ಏಣಿ ಮೇಲೆ, ಮಷೀನು ಕೆಳಗೆ. ಎರಡು ಹೆಸರೂ ಒಂದೇ ಅಳತೆಯ ಅಕ್ಷರದಲ್ಲಿದ್ದವು. ಓದಿದವಳದು ದೊಡ್ಡದು, ಓದದವಳದು ಸಣ್ಣದು ಎಂದೇನೂ ಇರಲಿಲ್ಲ. ಮನೆಯಲ್ಲಿ, ಮಾವನ ಮುಂದೆ, ಮಗಳ ಮುಂದೆ, ಎಲ್ಲಿಯೂ ಅವಳು ಸಾಬೀರಾಳ ಪಕ್ಕ ಹೀಗೆ ಸರಿಸಮ ನಿಂತಿರಲಿಲ್ಲ. ಆಮೇಲೆ ಏಣಿಯ ಮೇಲೆ ಮುದ್ರೆ ಒತ್ತಿ, ಮಡಚಿ, ಪೆಟ್ಟಿಗೆಗೆ ಹಾಕಿದಳು.

ಸಂಜೆ ಫಕ್ರುಸಾಬನನ್ನು ಕೇಳಿಯೇಬಿಟ್ಟಳು. "ಯಾರಿಗೆ ಹಾಕಿದ್ರಿ?"

ಅವನು ಸಂತೆಯ ಗಂಟು ಕಟ್ಟುತ್ತಿದ್ದ. "ಅದನ್ನ ಕೇಳಬಾರದಂತ. ಒಳಗ ಬರದು ಅಂಟಿಸ್ಯಾರಲ್ಲ."

"ನಾ ಹೆಂಡ್ತಿ."

"ಯಾರಾದ್ರೂ ಕೇಳಬಾರದಂತ," ಎಂದು ಗಂಟು ಬಿಗಿದ. ಸಾಯುವತನಕ ಹೇಳಲಿಲ್ಲ. ಆ ಒಂದು ಓಟು ಅಮೀನಬಿಯನ್ನು ಬಹಳ ವರ್ಷ ಕಾಡಿತು.

ಎಣಿಕೆ ಮುಂಡರಗಿಯಲ್ಲಿ. ಒಟ್ಟು ಬಿದ್ದದ್ದು ನಾಲ್ಕುನೂರಾ ಇಪ್ಪತ್ತಾರು. ಏಳು ತಿರಸ್ಕೃತ. ಅಮೀನಬಿ ನೂರಾ ತೊಂಬತ್ಮೂರು. ಸಾಬೀರಾ ಇನ್ನೂರಾ ಇಪ್ಪತ್ತಾರು.

ಅಯ್ಯೂಬ ಗುಲಾಲು ಎರಚಿದ. ಯಾರೋ ಸಾಬೀರಾಳ ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿದರು. ಗುಂಪಿನ ನಡುವಿನಿಂದ ಸಾಬೀರಾ ಇವಳ ಕಡೆ ಬರಲು ನೋಡಿದಳು; ಅಮೀನಬಿ ತಿರುಗಿ ನಿಂತಳು. ಬಸ್ಸಿಗೆ ಕಾಯುವಾಗ ಹನಮಂತವ್ವ ಅವಳ ಪಕ್ಕ ಕೂತು ಹೇಳಿದಳು:

"ನೂರಾ ತೊಂಬತ್ಮೂರು ಮಂದಿ, ಅಮೀನಾ. ಹಿರ್ಯಾರು ಎಲ್ಲಾ ಆ ಕಡೆ ಇದ್ದರು. ಆದರೂ ನೂರಾ ತೊಂಬತ್ಮೂರು ಮಂದಿ ಮರಿಯೊಳಗ ಹೋಗಿ ನಿನ್ನ ಹೆಸರ ಹುಡುಕ್ಯಾರ."

ಅಮೀನಬಿ ಮನಸ್ಸಿನಲ್ಲಿ ಮನೆಗಳನ್ನು ಎಣಿಸುತ್ತಿದ್ದಳು: ಈ ಮನೆಯಲ್ಲಿ ಮೂರು, ಆ ಮನೆಯಲ್ಲಿ ಎರಡು. ಎಷ್ಟು ಸಲ ಎಣಿಸಿದರೂ ನೂರಾ ಐವತ್ತಕ್ಕೆ ನಿಲ್ಲುತ್ತಿತ್ತು. ಉಳಿದ ನಲವತ್ಮೂರು ಜನ ಯಾರು? ಅವರು ಎದುರು ಸಿಕ್ಕಾಗ ಏನೂ ಹೇಳದೆ, ಅಂದಪ್ಪನಿಗೆ ಹೆದರಿ ನೆಲ ನೋಡಿ ನಡೆದವರೇ ಇರಬೇಕು. ಅವರನ್ನು ಹೆಸರು ಹಿಡಿದು ಗುರುತಿಸಲಾಗದಿದ್ದುದೇ ಅವರಿಗೆ ಧೈರ್ಯ ಕೊಟ್ಟಿತ್ತು. ಊರಿಗೆ ಬರುವಷ್ಟರಲ್ಲಿ ಅವಳಿಗೆ ಅಳು ಬಂದು ಹೋಗಿತ್ತು. ಹೊಟ್ಟೆಕಿಚ್ಚು ಹೋಗಿರಲಿಲ್ಲ.

ಎರಡು ತಿಂಗಳು ಆ ಅಂಗಳದಲ್ಲಿ ನೆಗೆಣ್ಣಿಯರ ನಡುವೆ ಮಾತಿರಲಿಲ್ಲ. ಸಾಬೀರಾ ಇಸ್ತ್ರಿ ಸೀರೆ ಉಟ್ಟು ಮೀಟಿಂಗಿಗೆ ಹೊರಟರೆ ಅಮೀನಬಿ ಬೇಕೆಂದೇ ಅಂಗಳ ಗುಡಿಸಿ ಧೂಳೆಬ್ಬಿಸುತ್ತಿದ್ದಳು. ಮಳೆಗಾಲದ ಮೊದಲು ಗ್ರಾಮಸಭೆ ಕರೆದರು. ಡಂಗುರದವನು ಸಾರಿದಾಗ ಅಮೀನಬಿ ಬಳೆಯ ಗಂಟು ಮನೆಯಲ್ಲೇ ಇಟ್ಟು ಹೋದಳು. ಹೋದದ್ದು ಒಂದೇ ಕಾರಣಕ್ಕೆ: ಸಾಬೀರಾ ಕುರ್ಚಿಯ ಮೇಲೆ ಹೇಗೆ ಕೂರುತ್ತಾಳೆ, ಅಲ್ಲಿ ಅವಳ ಬಾಯಿ ಕಟ್ಟುತ್ತದೋ ಇಲ್ಲವೋ ನೋಡಬೇಕಿತ್ತು.

ಸಾಬೀರಾ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಅಂದಪ್ಪನೇ ಎಲ್ಲ ಮಾತಾಡಿದ. ಹೊಸ ಕಾಮಗಾರಿಗಳನ್ನು ಓದಿದರು, ಕೇರಿಯ ನೀರಿನ ಮಾತೇ ಇರಲಿಲ್ಲ. ಸಾಬೀರಾ ಎರಡು ಸಲ ಬಾಯಿ ತೆರೆದು, ಎರಡು ಸಲವೂ ಅಂದಪ್ಪ ಕೈಯೆತ್ತಿದ್ದಕ್ಕೆ ಸುಮ್ಮನಾದಳು. ಅಮೀನಬಿಗೆ ಮೊದಲು ಖುಷಿಯಾಯಿತು. ಆಮೇಲೆ ಸಿದ್ದಲಿಂಗವ್ವನ ತಂಬಿಗೆಯ ಉಪ್ಪುನೀರು ನೆನಪಾಯಿತು. ಅವಳು ಹಿಂದಿನ ಸಾಲಿನಿಂದ ಎದ್ದು ನಿಂತಳು.

"ಹೊಲಿಗಿ ಮಷೀನಿಗೆ ಓಟು ಹಾಕಿದ್ರ ಕೇರಿಗೆ ನಳ ಬರತೈತಿ ಅಂತ ನಮ್ಮ ಮೆಂಬರು ಬರಕೊಂಡು ಹೋಗಿದ್ರು. ಅದರದೇನಾತು?"

ಅಂದಪ್ಪ ನಕ್ಕ. "ಸೋತಾಕಿ ಸಭಾದಾಗ ಕೇಳೂದೇನೈತವಾ?"

"ಸೋತಾಕಿನೂ ಇದೇ ಊರಾಗ ಅದಾಳ್ರಿ. ನನಗ ಹಾಕಿದ ನೂರಾ ತೊಂಬತ್ಮೂರು ಮಂದಿನೂ ಇದೇ ಊರಾಗ ಅದಾರ. ನೀವು ಯಾರ ಓಟೂ ತಗೊಳ್ಳದs ಕುಂತೀರಿ, ನಿಮ್ಮನ್ನ ಕೇಳಾಕತ್ತಿಲ್ಲ. ಓಟು ಕೇಳಿ ಆರಿಸಿ ಬಂದಾಕಿನ್ನ ಕೇಳಾಕತ್ತೀನಿ. ಆಕಿ ಹೇಳಲಿ."

ಎಲ್ಲರ ಕಣ್ಣೂ ಸಾಬೀರಾಳ ಮೇಲೆ. ಕೆಂಪೇರಿದ ಮುಖದಿಂದ ಅವಳು ಎದ್ದು ನಿಂತಳು, ಚೀಲದಿಂದ ಅದೇ ನೋಟುಬುಕ್ಕು ತೆಗೆದಳು. ತಗ್ಗಿದ ದನಿಯಲ್ಲಿ ಓದತೊಡಗಿದಳು, ಓದುತ್ತ ಓದುತ್ತ ದನಿ ಗಟ್ಟಿಯಾಯಿತು. ಮೂವತ್ತೊಂದು ಮನೆ. ಪೈಪು ನಿಂತ ಮೂಲೆಯಿಂದ ಇಷ್ಟು ದೂರ. ಕೊಟ್ಟ ಅರ್ಜಿ ಎರಡು. ಹಿಂದಿನಿಂದ ರೇಣುಕವ್ವ, "ಹೌದು, ಖರೆ ಐತಿ!" ಎಂದು ಕೂಗಿದಳು. ಕಾರ್ಯದರ್ಶಿ ಪುಸ್ತಕದಲ್ಲಿ ಬರೆದುಕೊಳ್ಳಲೇಬೇಕಾಯಿತು.

ನಳ ಬರಲು ಮತ್ತೂ ಒಂದೂವರೆ ವರ್ಷ ಹಿಡಿಯಿತು. ನಡುವೆ ಆದ ಪ್ರತಿ ಗ್ರಾಮಸಭೆಯಲ್ಲೂ ಅಮೀನಬಿ ಎದ್ದು ನಿಂತು ಅದನ್ನೇ ಕೇಳಿದಳು. ನೀರು ಬಂದ ದಿನ ಕೇರಿಯವರು ಸಾಬೀರಾಳಿಗೆ ಆರತಿ ಮಾಡಿದರು. ಅಮೀನಬಿ ಮೂಲೆಯಲ್ಲಿ ನಿಂತು ನೋಡಿದಳು. ಮನೆಗೆ ಬಂದ ಮೇಲೆ ಸಾಬೀರಾ ಹತ್ತಿರ ಬಂದು, "ಭಾಬಿ, ನೀವು ಕೇಳದಿದ್ರ ಅವರು ನನ್ನ ಬಾಯಿ ತೆಗೀಗೊಡತಿದ್ದಿಲ್ಲ," ಎಂದಳು.

"ಅದನ್ನ ಅಲ್ಲಿ ಆರತಿ ಮುಂದ ಹೇಳಬೇಕಾಗಿತ್ತು," ಎಂದಳು ಅಮೀನಬಿ.

ಸಾಬೀರಾ ತಲೆ ತಗ್ಗಿಸಿದಳು. ಹೇಳಬೇಕೆಂದು ಅವಳಿಗೂ ಅನಿಸಿತ್ತು. ಆದರೆ ಆ ಹೊತ್ತಿಗೆ ಆರತಿಯ ತಟ್ಟೆ ತನ್ನೊಬ್ಬಳ ಮುಂದೆಯೇ ಇರಲಿ ಎಂದೂ ಅನಿಸಿತ್ತು. ಅವಳು ಅದನ್ನು ಬಾಯಿಬಿಟ್ಟು ಒಪ್ಪಿಕೊಂಡಾಗ ಅಮೀನಬಿ ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಅವಳ ಚಹಾ ಕೇಳಿ ಕುಡಿದಳು. ಚೆನ್ನಾಗಿದೆ ಎನ್ನಲಿಲ್ಲ.

ಐದು ವರ್ಷ ಕಳೆದು ಮತ್ತೆ ಚುನಾವಣೆ ಬಂದಾಗ ಮೀಸಲಾತಿ ಬದಲಾಗಿತ್ತು. ಹೆಂಗಸರ ಸೀಟು ಪರಿಶಿಷ್ಟ ಜಾತಿಗೆ ಹೋಗಿತ್ತು. ನೆಗೆಣ್ಣಿಯರಿಬ್ಬರೂ ಅಲ್ಲಿ ನಿಲ್ಲುವಂತಿರಲಿಲ್ಲ. ಇನ್ನೊಂದು ಸೀಟಿಗೆ ನಿಲ್ಲು ಎಂದು ಹನಮಂತವ್ವ ಒತ್ತಾಯಿಸಿದಳು. ಆದರೆ ಫಕ್ರುಸಾಬ ತೀರಿಕೊಂಡು ಇನ್ನೂ ವರ್ಷವಾಗಿರಲಿಲ್ಲ, ಅಮೀನಬಿ ಒಲ್ಲೆನೆಂದಳು. ಅಂದಪ್ಪ ಎಂದಿನಂತೆ ಕಟ್ಟೆಯ ಮೇಲೆ ಹಿರಿಯರನ್ನು ಕೂರಿಸಿದ. ಮೂವರು ಬಂದರು. ಅವನ ಸೀಟಿಗೆ ಅವನನ್ನು ಬಿಟ್ಟು ನಾಲ್ಕು ಜನ ಫಾರ್ಮ್ ತುಂಬಿದ್ದರು. ಹೆಂಗಸರ ಸೀಟಿಗೆ ಕೇರಿಯಿಂದಲೇ ಇಬ್ಬರು, ಅದರಲ್ಲಿ ರೇಣುಕವ್ವ ಒಬ್ಬಳು. ಅವಳ ಫಾರ್ಮಿಗೆ ಸೂಚಕಿಯಾಗಿ ಸೈ ಮಾಡಿದ್ದು ಅಮೀನಬಿ. ಸಾಬೀರಾಳನ್ನು ಕೇಳುವ ಮೊದಲು ರೇಣುಕವ್ವ ತನ್ನನ್ನು ಕೇಳಿದಳು ಎಂಬ ಸಂತೋಷಕ್ಕೆ ಅವತ್ತು ಅವಳು ಎರಡು ರೊಟ್ಟಿ ಹೆಚ್ಚು ತಿಂದಳು.

ಮತದಾನಕ್ಕೆ ಒಂದು ವಾರವಿರುವಾಗ, ಬೆಳಗಿನ ಹೊತ್ತು, ಅಂದಪ್ಪ ಅಂಗಳದ ಬಾಗಿಲಲ್ಲಿ ಬಂದು ನಿಂತ. ಈ ಸಲ ಹಾಸಿಗೆಯ ಮೇಲೆ ಕೂರಲು ಒಳಗೆ ನುಗ್ಗಲಿಲ್ಲ. ಟೋಪಿ ಕೈಯಲ್ಲಿತ್ತು. ಜನ್ಮದಲ್ಲಿ ಮೊದಲ ಸಲ ಓಟು ಕೇಳಲು ಹೊರಟ ಮನುಷ್ಯ. ಹೇಗೆ ಶುರು ಮಾಡಬೇಕೆಂದೇ ಗೊತ್ತಿರಲಿಲ್ಲ.

"ಸಾಬೀರಾ ಮೆಂಬರು ಅದಾರೇನವಾ?" ಎಂದ.

ಕೆಂಡ ಮತ್ತೆ ಹೊತ್ತಿಕೊಂಡಿತು. ಇಷ್ಟಾದರೂ ಇವನಿಗೆ ಮೊದಲು ನೆನಪಾಗುವುದು ಅವಳೇ. ಅಮೀನಬಿ ಮೊರ ಕೆಳಗಿಟ್ಟು ಎದ್ದಳು.

"ಆಕಿ ಒಳಗ ಅದಾಳ್ರಿ. ಆಕಿ ಓಟು ಆಕಿನ್ನ ಕೇಳ್ರಿ. ನಂದು ಬ್ಯಾರೆ ಐತಿ. ಮೊದಲ ನನ್ನ ಮುಂದ ಕುಂಡ್ರಿ," ಎಂದು ಕಟ್ಟೆಯ ಮೇಲಿನ ಜೋಳ ಸರಿಸಿ ಜಾಗ ಮಾಡಿದಳು. "ಹನ್ನೆರಡು ವರ್ಷ ಮೆಂಬರಾಗೀರಿ. ಏನೇನು ಮಾಡೀರಿ, ಒಂದೊಂದs ಹೇಳ್ರಿ. ನನಗ ಬರಿಯಾಕ ಬರೂದಿಲ್ಲ, ನೆನಪಿಟ್ಟುಕೋತೀನಿ."

ಅಂದಪ್ಪ ಆಚೀಚೆ ನೋಡಿ, ಕೂತ. ಒಳಗಿನಿಂದ ಸಾಬೀರಾ ಚಹಾ ತಂದಳು. ಅಮೀನಬಿ ಅದನ್ನು ತನ್ನ ಕೈಗೆ ಇಸಿದುಕೊಂಡು ತಾನೇ ಅವನ ಮುಂದಿಟ್ಟಳು.

"ಹೇಳ್ರಿ," ಎಂದಳು.